ಪ್ರಶ್ನೆ ಕೇಳಿದರೂ ಕೂಡಿಸಿಕೊಳ್ಳುವ ಧರ್ಮದ ಜಾಗ ಎಲ್ಲಿದೆ? ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯಲ್ಲಿ ಕಾಲೇಜಿನ ಪಾಠ ಮುಗಿಸಿ ಮನೆಯಲ್ಲಿ ಕೂತ ಮೇಲೆ ಪರೀಕ್ಷೆಯ ಸಂಶಯ ತರುವವರು ಕಡಿಮೆಯಾದರು, ಇಂಥ ಸಂಶಯ ತರುವವರು ಹೆಚ್ಚಾದರು. ಹಳೆಯ ವಿದ್ಯಾರ್ಥಿಗಳು, ಅವರ ಗೆಳೆಯರು, ಲಗ್ನದ ಮನೆಯಲ್ಲಿ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುವ ಸೊಸೆಯಂದಿರು, ಹೆಸರು ಬರೆಯದೆ ಪತ್ರ ಹಾಕುವವರು. ಹುಟ್ಟಿದ ಧರ್ಮ ಕೆಲವರಿಗೆ ಬಿಗಿಯಾಗಿದೆ, ಕೆಲವರಿಗೆ ಸಾಲದಾಗಿದೆ. ಒಬ್ಬರೇ ಕೂತು ಪ್ರಾರ್ಥಿಸಲು ಮಾತ್ರ ಯಾರಿಗೂ ಮನಸ್ಸಿಲ್ಲ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳಲ್ಲಿ ನನ್ನ ಪಕ್ಷಪಾತ ಕಂಡರೆ ಅದು ಇದ್ದೇ ಇದೆ.

## ಶುರುವಿನ ಪ್ರಶ್ನೆಗಳು

ಉದಾರ ಧರ್ಮ ಅಂದ್ರ ಏನ್ರಿ ಮೇಡಮ್? ಎಲ್ಲಾ ದೇವರೂ ಒಂದ ಅನ್ನೋದಾ?

ಅಷ್ಟೇ ಆಗಿದ್ದರೆ ನಮ್ಮಲ್ಲಿ ಎಲ್ಲರೂ ಉದಾರಿಗಳೇ. ದೇವರು ಒಬ್ಬನೇ ಎಂದು ಲಾರಿಯ ಹಿಂದೆ ಬರೆಸಿದವರು ಮನೆ ಬಾಡಿಗೆಗೆ ಕೊಡುವಾಗ ಜಾತಿ ಕೇಳುತ್ತಾರೆ. ನಾನು ಇನ್ನೂ ಸ್ವಲ್ಪ ಬಿಗಿಯಾದ ಅರ್ಥದಲ್ಲಿ ಹೇಳುತ್ತೇನೆ. ಶಾಸ್ತ್ರದಲ್ಲಿದೆ ಎಂಬ ಒಂದೇ ಕಾರಣಕ್ಕೆ ಏನನ್ನೂ ಒಪ್ಪಬೇಕಿಲ್ಲ. ನಿಮ್ಮ ಬುದ್ಧಿ, ನಿಮ್ಮ ಅಂತಃಸಾಕ್ಷಿ ಒಪ್ಪಬೇಕು. ಸಂಶಯ ಬಂದರೆ ಬಾಯಿಬಿಟ್ಟು ಹೇಳಬಹುದು. ಬೇರೆ ಥರ ನಂಬುವವರು ಪಕ್ಕದಲ್ಲೇ ಕೂತಿರಬಹುದು, ಅವರನ್ನು ತಿದ್ದುವ ಕೆಲಸ ನಿಮ್ಮದಲ್ಲ.

ಹಾಗೆಂದು ಭಕ್ತಿ ಬಿಡಬೇಕೆಂದಿಲ್ಲ. ವಿಚಾರವಾದಿಗಳ ಸಂಘಕ್ಕೂ ಇದಕ್ಕೂ ಇರುವ ಅಂತರ ಅಲ್ಲಿದೆ. ಇಲ್ಲಿ ಜನ ಕೂಡಿ ಹಾಡುತ್ತಾರೆ, ಕಣ್ಣು ಮುಚ್ಚಿ ಕೂಡುತ್ತಾರೆ, ಸಾವಾದ ಮನೆಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ.

ಇದೆಲ್ಲಾ ಪುಣೆ, ಬೆಂಗಳೂರು ಕಡೇ ಮಂದೀದು. ನಮ್ಮ ಸೀಮ್ಯಾಗ ಎಲ್ಲೈತ್ರಿ?

ಜಮಖಂಡಿಯಲ್ಲಿ ಇತ್ತು. ವಿಠ್ಠಲ ರಾಮಜಿ ಶಿಂದೆ ಅಲ್ಲಿ ಹುಟ್ಟಿದ್ದು 1873ರಲ್ಲಿ. ತ್ರಿತ್ವ ಒಪ್ಪದೆ ದೇವರು ಒಬ್ಬನೇ ಎನ್ನುವ ಉದಾರ ಕ್ರೈಸ್ತ ಪಂಥದವರಾದ ಬ್ರಿಟನ್ನಿನ ಯುನಿಟೇರಿಯನ್ನರ ನೆರವಿನಿಂದ 1901ರಲ್ಲಿ ಆಕ್ಸ್‌ಫರ್ಡ್‌ನ ಮ್ಯಾಂಚೆಸ್ಟರ್ ಕಾಲೇಜಿಗೆ ಹೋಗಿ ಧರ್ಮಗಳ ತೌಲನಿಕ ಅಧ್ಯಯನ ಮಾಡಿದರು. ತಿರುಗಿ ಬಂದು ಮುಂಬಯಿಯ ಪ್ರಾರ್ಥನಾ ಸಮಾಜದ ಪ್ರಚಾರಕರಾದರು. 1867ರಲ್ಲಿ ಶುರುವಾದ ಆ ಸಮಾಜ ಮೂರ್ತಿಯಿಲ್ಲದೆ ಒಬ್ಬ ದೇವರನ್ನು ಪ್ರಾರ್ಥಿಸುತ್ತಿತ್ತು, ಸಂತರ ಅಭಂಗಗಳನ್ನು ಹಾಡುತ್ತಿತ್ತು. ಶಿಂದೆಯವರಿಗೆ ಅಷ್ಟು ಸಾಕಾಗಲಿಲ್ಲ. ಒಳ್ಳೆಯ ಪ್ರವಚನ ಕೇಳಿ ಮನೆಗೆ ಹೋಗುವ ಧರ್ಮ ಅವರಿಗೆ ಬೇಡವಾಗಿತ್ತು. 1906ರಲ್ಲಿ ಅಸ್ಪೃಶ್ಯರ ಮಕ್ಕಳಿಗಾಗಿ ಶಾಲೆ, ವಸತಿಗೃಹ ನಡೆಸುವ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಮಹಾರಾಷ್ಟ್ರದಲ್ಲಿ ಇಂದಿಗೂ ಅವರಿಗೆ ‘ಮಹರ್ಷಿ’ ಎನ್ನುತ್ತಾರೆ. ಹುಟ್ಟಿದ ಊರಿನಲ್ಲಿ ನಮ್ಮ ಮಕ್ಕಳಿಗೆ ಅವರ ಹೆಸರು ಗೊತ್ತಿಲ್ಲ, ಇದು ನನ್ನ ಹಳೆಯ ತಕರಾರು.

ಅದೇ ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದವರು ಗುರುದೇವ ರಾನಡೆ. ಅವರ ದಾರಿ ಬೇರೆ: ನಾಮಸ್ಮರಣೆ, ಧ್ಯಾನ. ಆದರೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಗ್ರೀಕ್ ದಾರ್ಶನಿಕರನ್ನೂ ಕನ್ನಡದ ವಚನಕಾರರನ್ನೂ ಮರಾಠಿ ಸಂತರನ್ನೂ ಒಂದೇ ಗಂಭೀರತೆಯಿಂದ ಓದಿದರು.

ಇನ್ನೂ ಹಿಂದೆ ಹೋದರೆ ಬಸವನ ಬಾಗೇವಾಡಿ, ಕೂಡಲಸಂಗಮ ಇವೆ. ಆ ವಚನಗಳ ತಾಡೋಲೆಗಳನ್ನು ಹುಡುಕಿ, ಅಚ್ಚು ಹಾಕಲು ಮನೆ ಮಾರಿದ ಫ.ಗು. ಹಳಕಟ್ಟಿ ವಿಜಯಪುರದಲ್ಲಿ ವಕೀಲರಾಗಿದ್ದವರು. 1580ರಿಂದ 1627ರವರೆಗೆ ಅದೇ ಊರಿನಿಂದ ರಾಜ್ಯ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ಹಾಡುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸೂಫಿ ಸಂತ ಬಂದೇ ನವಾಜರನ್ನೂ ನೆನೆದವನು. ಅವನನ್ನು ಜಗದ್ಗುರು ಎಂದು ಕರೆಯುತ್ತಿದ್ದರು. ಹೀಗಿರುವಾಗ ಇದನ್ನೆಲ್ಲ ಹೊರಗಿನ ಸರಕು ಎನ್ನಲು ನನಗೆ ಬಾಯಿ ಬರುವುದಿಲ್ಲ.

ದೇವರದಾನೋ ಇಲ್ಲೋ ನನಗ ಗೊತ್ತಿಲ್ಲ. ಅಂಥಾವ ಹೋಗಬಹುದೇನ್ರಿ?

ಹೋಗಿ. ಬಾಗಿಲಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಪ್ರವಚನ ಕೇಳುವುದು, ಭಜನೆಯಲ್ಲಿ ಕೂಡುವುದು, ಪ್ರಸಾದ ತೆಗೆದುಕೊಳ್ಳುವುದು ಒಂದು. ಲಿಂಗದೀಕ್ಷೆ, ನಾಮದೀಕ್ಷೆ, ದೀಕ್ಷಾಸ್ನಾನ ಇನ್ನೊಂದು. ಮೊದಲನೆಯದಕ್ಕೆ ಕುತೂಹಲ ಸಾಕು. ಎರಡನೆಯದಕ್ಕೆ ಮಾತು ಕೊಡಬೇಕಾಗುತ್ತದೆ. ಕೊಟ್ಟು ತಪ್ಪುವುದಕ್ಕಿಂತ ಕೊಡದೆ ಕಾಯುವುದು ಮೇಲು. ಅವಸರ ಮಾಡುವ ಗುರುಗಳಿದ್ದರೆ, ಅದೇ ಅವರ ಬಗ್ಗೆ ನಿಮಗೆ ಸಿಕ್ಕ ಮೊದಲ ಮಾಹಿತಿ.

ಸುತ್ತಿ ಬಳಸಿ ಹೇಳಬ್ಯಾಡ್ರಿ ಅಕ್ಕಾರ. ಎಲ್ಲಿಗೆ ಹೋಗ್ಲಿ? ಹೆಸರು ಹೇಳ್ರಿ.

ಹೇಳುತ್ತೇನೆ. ಆದರೆ ಇವು ಹೋಗಿ ನೋಡಬೇಕಾದ ಜಾಗಗಳು, ನಾನು ಕೊಡುವ ಪ್ರಮಾಣಪತ್ರ ಅಲ್ಲ.

ವಿಜಯಪುರದವರಿಗೆ ಮೊದಲ ಹೆಸರು ಜ್ಞಾನಯೋಗಾಶ್ರಮ. ಸಿದ್ಧೇಶ್ವರ ಸ್ವಾಮಿಗಳು ಊರೂರಲ್ಲಿ ಬೆಳಗಿನ ಜಾವ ತಿಂಗಳುಗಟ್ಟಲೆ ಹೇಳಿದ ಪ್ರವಚನ ಕೇಳಿಯೇ ನಮ್ಮ ಸೀಮೆಯ ಒಂದು ಪೀಳಿಗೆ ಬೆಳೆದಿದೆ. ಅಂಗಿಗೆ ಕಿಸೆ ಇಟ್ಟುಕೊಳ್ಳಲಿಲ್ಲ, 2018ರಲ್ಲಿ ಪದ್ಮಶ್ರೀ ಬೇಡವೆಂದರು, 2023ರ ಜನವರಿ 2ರಂದು ತೀರಿಕೊಳ್ಳುವ ಮೊದಲೇ ತಮಗೆ ಸ್ಮಾರಕ ಕಟ್ಟಬಾರದು ಎಂದು ಬರೆದಿಟ್ಟಿದ್ದರು. ಇಷ್ಟು ಸರಳರಾದ ಗುರುಗಳ ಸುತ್ತಲೂ ಜನ ವ್ಯಕ್ತಿಪೂಜೆಗೆ ಇಳಿಯುತ್ತಾರೆ. ಅದನ್ನೂ ನೋಡಿಕೊಂಡು ಬನ್ನಿ.

ಮೌನ ಬೇಕಾದವರಿಗೆ ನಿಂಬಾಳ. ವಿಜಯಪುರ–ಸೊಲ್ಲಾಪುರ ರೈಲು ದಾರಿಯ ಮೇಲಿದೆ. ರಾನಡೆಯವರು 1957ರಲ್ಲಿ ತೀರಿಕೊಂಡದ್ದು ಅಲ್ಲಿನ ಆಶ್ರಮದಲ್ಲಿ. ಬೆಳಗಾವಿಯಲ್ಲಿದ್ದರೆ ಹಿಂದವಾಡಿಯಲ್ಲಿ ಅವರ ಮಂದಿರವಿದೆ, ತೌಲನಿಕ ತತ್ತ್ವಶಾಸ್ತ್ರ ಮತ್ತು ಧರ್ಮಗಳ ಅಕಾಡೆಮಿಯೂ ಅಲ್ಲೇ ಇದೆ. ಓದುವ ಚಟ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಬೆಳಗಾವಿ ಕೋಟೆಯೊಳಗೆ ರಾಮಕೃಷ್ಣ ಮಿಷನ್ ಆಶ್ರಮವಿದೆ. ವಿವೇಕಾನಂದರು 1892ರ ಅಕ್ಟೋಬರದಲ್ಲಿ ಉಳಿದಿದ್ದ ರಿಸಾಲ್ದಾರ ಗಲ್ಲಿಯ ಮನೆಯೂ ಈಗ ಸ್ಮಾರಕ. ಆ ಕೋಟೆಗೆ ಹೋದವರು 1204ರ ಕಮಲ ಬಸದಿ, ಸಫಾ ಮಸೀದಿ, ದುರ್ಗಾದೇವಿಯ ಗುಡಿ ಮೂರನ್ನೂ ಒಂದೇ ನಡಿಗೆಯಲ್ಲಿ ನೋಡಬಹುದು.

ಶರಣರ ದಾರಿ ಬೇಕೆಂದರೆ ಬೆಳಗಾವಿಯ ನಾಗನೂರು ರುದ್ರಾಕ್ಷಿ ಮಠ, ಇಳಕಲ್ಲಿನ ವಿಜಯ ಮಹಾಂತೇಶ ಮಠ. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಕಾಳು, ದುಡ್ಡು ಬೇಡಲಿಲ್ಲ; ಕುಡಿತ, ತಂಬಾಕು, ಗುಟ್ಕಾ ಚಟ ಜೋಳಿಗೆಗೆ ಹಾಕಿ ಎಂದರು. ಅವರ ಹುಟ್ಟಿದ ದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಕೂಡಲಸಂಗಮದಲ್ಲಿ ಐಕ್ಯಮಂಟಪದ ಹತ್ತಿರ ಸುಮ್ಮನೆ ಕೂತು ಬರುವುದೇ ಕೆಲವರಿಗೆ ಸಾಕು. ಚರ್ಚೆ ಬೇಕಾದವರಿಗೆ ಜನವರಿಯ ಶರಣ ಮೇಳವಿದೆ, ಗದ್ದಲವೂ ಇರುತ್ತದೆ.

## ಹೋಗುವಾಗ, ಹೋದ ಮೇಲೆ

ಹೊಸಬರು ಬಂದಾಗ ಎಲ್ಲಾರೂ ಚೊಲೋನ ಮಾತಾಡ್ತಾರ. ಖರೇ ಯಾವುದು ಅಂತ ಹೆಂಗ ಗೊತ್ತಾಗ್ತದ?

ವೇದಿಕೆ ನೋಡಬೇಡಿ, ಪಂಕ್ತಿ ನೋಡಿ. ದಾಸೋಹದಲ್ಲಿ ಯಾರು ಬಡಿಸುತ್ತಾರೆ, ಯಾರು ಎಲೆ ಎತ್ತುತ್ತಾರೆ, ಹುಗ್ಗಿ ಕುದಿಯುವ ಕಡೆ ಯಾರಿಗೆ ಪ್ರವೇಶವಿದೆ? ಗಣ್ಯರಿಗೆ ಒಳಮನೆಯಲ್ಲಿ ಬೇರೆ ತಾಟು ಹಾಕುತ್ತಾರೆಯೇ? ಕಸ ಹೊಡೆಯುವವರು ಊಟಕ್ಕೆ ಯಾವಾಗ ಕೂಡುತ್ತಾರೆ? ಎಲ್ಲರನ್ನೂ ನಮ್ಮವರೆಂದುಕೋ ಎನ್ನುವ ಬಸವಣ್ಣನವರ ವಚನವನ್ನು ಇಂಪಾಗಿ ಹಾಡಿ, ಕೆಳಗಿಳಿದು ಚಪ್ಪಲಿ ಹುಡುಕುವಾಗ ‘ನೀವು ಯಾರ ಪೈಕಿ?’ ಎಂದು ಕೇಳಿದವರನ್ನು ನಾನು ಕಂಡಿದ್ದೇನೆ. ಅಡ್ಡಹೆಸರು ಕೇಳುವುದು ನಮ್ಮಲ್ಲಿ ಪರಿಚಯದ ರೂಢಿ, ಅಷ್ಟಕ್ಕೇ ಎದ್ದು ಬರಬೇಡಿ. ಉತ್ತರ ಕೇಳಿದ ಮೇಲೆ ಮುಖ ಬದಲಾಗುತ್ತದೆಯೇ, ಅದನ್ನು ಗಮನಿಸಿ.

ಎರಡನೆಯದು, ಪ್ರಶ್ನೆಗೆ ಏನಾಗುತ್ತದೆ ಎಂಬುದು. ‘ಇದಕ್ಕೆ ಇನ್ನೂ ನಿಮಗೆ ಪಕ್ವತೆ ಬಂದಿಲ್ಲ’ ಎಂಬ ಉತ್ತರ ಪದೇ ಪದೇ ಬಂದರೆ ಅದು ಉತ್ತರವಲ್ಲ, ಬಾಗಿಲು ಮುಚ್ಚಿದ್ದು. ‘ನನಗೂ ಗೊತ್ತಿಲ್ಲ, ಕೂಡಿ ನೋಡೋಣ’ ಎಂದ ಸ್ವಾಮಿಗಳೂ ಪಾದ್ರಿಗಳೂ ನಮ್ಮ ಸೀಮೆಯಲ್ಲಿದ್ದಾರೆ, ಹುಡುಕಬೇಕು.

ಮೂರನೆಯದನ್ನು ತಿಳಿಯಲು ನಾಲ್ಕಾರು ತಿಂಗಳು ಬೇಕು. ಬಿಟ್ಟು ಹೋದವರ ಬಗ್ಗೆ ಹೇಗೆ ಮಾತಾಡುತ್ತಾರೆ, ಬೇರೆ ಧರ್ಮದವರು ಎದುರಿಗಿಲ್ಲದಾಗ ಅವರ ಬಗ್ಗೆ ಏನು ನಗೆಚಾಟಿಕೆ ನಡೆಯುತ್ತದೆ, ಚುನಾವಣೆ ಬಂದಾಗ ಪ್ರವಚನದ ಧಾಟಿ ಬದಲಾಗುತ್ತದೆಯೇ. ಕೊನೆಯದು ನಮ್ಮ ಜಿಲ್ಲೆಗಳಲ್ಲಿ ಬಹಳ ಸ್ಪಷ್ಟವಾಗಿ ಕೇಳಿಸುತ್ತದೆ.

ನಾವು ಹಿಂದೂರು. ದರ್ಗಾಕ್ಕ, ಚರ್ಚಿಗೆ ಹೋದ್ರ ನಡೀತೈತೇನ್ರಿ?

ದರ್ಗಾದ ವಿಷಯ ಕೇಳುವುದೇ ಬೇಡ. ನಮ್ಮ ಅಜ್ಜಿಯರು ಕೇಳದೆ ಹೋಗುತ್ತಿದ್ದರು. ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಅಲಾಯಿ ಕುಣಿತಕ್ಕೆ ಹೆಜ್ಜೆ ಹಾಕುವವರು, ರಿವಾಯತ್ ಪದ ಹಾಡುವವರು, ಪಂಜಾಗಳಿಗೆ ಹರಕೆ ಹೊರುವವರು ಎಲ್ಲ ಜಾತಿಯಲ್ಲೂ ಇದ್ದಾರೆ. ವಿಜಯಪುರದಲ್ಲಿ ಹಾಶಿಂಪೀರರ ದರ್ಗಾ ಇದೆ, ಅಮೀನುದ್ದೀನ್ ಆಲಾ ಅವರ ದರ್ಗಾ ಇದೆ. ತಲೆಯ ಮೇಲೆ ಕರವಸ್ತ್ರವೋ ಸೆರಗೋ ಇರಲಿ, ಚಪ್ಪಲಿ ಹೊರಗೆ ಬಿಡಿ. ಗೋರಿಯ ಒಳಕೋಣೆಗೆ ಹೆಂಗಸರನ್ನು ಬಿಡದ ಕಡೆಗಳೂ ಉಂಟು, ಬಾಗಿಲಲ್ಲಿ ಕೇಳಿಕೊಳ್ಳಿ.

ಚರ್ಚಿಗೆ ಹೋಗಲು ಜನ ಅಂಜುವುದು ಎಲ್ಲಿ ಏಳಬೇಕು, ಎಲ್ಲಿ ಕೂಡಬೇಕು ಎಂದು ಗೊತ್ತಾಗದೆ. ಹಿಂದಿನ ಸಾಲಿನಲ್ಲಿ ಕೂತು ಮುಂದಿನವರನ್ನು ನೋಡಿ ಏಳಿ, ಅಷ್ಟೇ. ಕ್ಯಾಥೊಲಿಕ್ ಚರ್ಚಿನ ಪೂಜೆಯಲ್ಲಿ ರೊಟ್ಟಿಯ ಪ್ರಸಾದ ಹಂಚುವಾಗ ಮಾತ್ರ ಸಾಲಿಗೆ ಹೋಗಬಾರದು. ಅದು ಅವರ ದೀಕ್ಷೆ ಪಡೆದವರಿಗೆ. ಗುಡಿಯ ತೀರ್ಥದ ಹಾಗೆಂದು ತಿಳಿದು ಕೈ ಚಾಚಿ ಪೇಚಿಗೆ ಸಿಕ್ಕವರಿದ್ದಾರೆ. ಬೆಳಗಾವಿ 1953ರಿಂದ ಕ್ಯಾಥೊಲಿಕ್ ಧರ್ಮಪ್ರಾಂತ್ಯದ ಕೇಂದ್ರ, ಕ್ಯಾಂಪ್ ಸುತ್ತ ಪ್ರೊಟೆಸ್ಟಂಟ್ ಚರ್ಚುಗಳೂ ಇವೆ. ಆರಾಧನೆ ಕನ್ನಡದಲ್ಲೋ ಮರಾಠಿ, ಕೊಂಕಣಿ, ಇಂಗ್ಲಿಷಿನಲ್ಲೋ ಎಂಬುದನ್ನು ಹೊರಗಿನ ಫಲಕದಲ್ಲಿ ನೋಡಿ ಹೋಗಿ.

ಹೆಣಮಗಳು ಒಬ್ಬಾಕಿ ಹೋದ್ರ ಮಂದಿ ಏನಂತಾರ?

ಏನಾದರೂ ಅಂದೇ ಅಂತಾರೆ. ಬೆಳಗಿನ ಪ್ರವಚನದಿಂದ ಶುರು ಮಾಡಿ, ಅಲ್ಲಿ ಹೆಂಗಸರೇ ಹೆಚ್ಚಿರುತ್ತಾರೆ. ಊರಿನಲ್ಲಿ ಅಕ್ಕನ ಬಳಗ ಇದ್ದರೆ ಇನ್ನೂ ಸುಲಭ. ಆಮೇಲೆ ನೋಡಬೇಕಾದದ್ದು ಬೇರೆ: ದೀಪ ಹಚ್ಚುವುದು, ಆರತಿ ಹಿಡಿಯುವುದು ಬಿಟ್ಟು ಹೆಂಗಸರಿಗೆ ಮಾತಾಡುವ ಸರದಿ ಬರುತ್ತದೆಯೇ? ಮುಟ್ಟಾದವರು ದೂರ ಕೂಡಬೇಕೆಂಬ ನಿಯಮ ಇದೆಯೇ? ಶರಣರು ಐದು ಸೂತಕಗಳನ್ನು ಅಲ್ಲಗಳೆದರು, ಅದರಲ್ಲಿ ಮುಟ್ಟಿನ ಸೂತಕವೂ ಒಂದು. ಹಾಗಾಗಿ ಶರಣರ ಹೆಸರು ಹೇಳಿಕೊಂಡು ಈ ನಿಯಮ ಇಟ್ಟುಕೊಂಡ ಕಡೆ ‘ಯಾಕೆ?’ ಎಂದು ಕೇಳುವ ಹಕ್ಕು ನಿಮಗಿದೆ.

ಯಾವ ಗುರುವಾಗಲಿ, ಎಷ್ಟು ದೊಡ್ಡವರಾಗಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಳೇ ಬಾ ಎಂದರೆ ಹೋಗಬೇಡಿ. ಇದರಲ್ಲಿ ಚರ್ಚೆ ಇಲ್ಲ.

ದುಡ್ಡು ಕೇಳ್ತಾರೇನ್ರಿ? ಆಮ್ಯಾಲ ಬಿಟ್ಟು ಬರಾಕ ಆಗ್ತೈತೋ ಇಲ್ಲೋ?

ಕಾಣಿಕೆ ಡಬ್ಬಿ ಎಲ್ಲ ಕಡೆಯೂ ಇರುತ್ತದೆ. ರಶೀದಿ ಕೊಡುತ್ತಾರೆಯೇ ನೋಡಿ. ನಿಮ್ಮ ಸಂಬಳ ಎಷ್ಟೆಂದು ವಿಚಾರಿಸಿದರೆ, ಗೆಳೆಯರನ್ನು ಬಿಡು ಎಂದರೆ, ಬಿಟ್ಟರೆ ಕೇಡಾಗುತ್ತದೆ ಎಂದು ಹೆದರಿಸಿದರೆ ಅದೇ ದಿನ ಎದ್ದು ಬನ್ನಿ. ಹೇಳಿ ಬರಬೇಕೆಂಬ ಸೌಜನ್ಯವೂ ಅಂಥಲ್ಲಿ ಬೇಕಿಲ್ಲ.

## ತೊಡಕಿನ ಪ್ರಶ್ನೆಗಳು

ಮನ್ಯಾಗ ಹೇಳೋದು ಹೆಂಗ್ರಿ? ಅವ್ವ ಅಳ್ತಾಳ, ಅಪ್ಪ ಮಾತು ಬಿಡ್ತಾನ.

ಘೋಷಣೆ ಮಾಡಬೇಡಿ. ‘ನಾನು ಇನ್ನು ಮೇಲೆ ಇದನ್ನೆಲ್ಲ ನಂಬುವುದಿಲ್ಲ’ ಎಂದು ಊಟದ ಹೊತ್ತಿನಲ್ಲಿ ಹೇಳಿದ ಹುಡುಗರಿಗೆ ಸಿಕ್ಕಿದ್ದು ತಿಂಗಳುಗಟ್ಟಲೆ ಜಗಳ. ನಿಮ್ಮ ಅಂತಃಸಾಕ್ಷಿಗೆ ಯಾವುದು ಸಹಿಸಲಾಗದು, ಯಾವುದು ಬರೀ ಬೇಸರ ಎಂದು ಮೊದಲು ಬೇರೆ ಮಾಡಿಕೊಳ್ಳಿ. ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದರಿಂದ ಯಾರ ವಿಚಾರಕ್ಕೂ ಭಂಗ ಬಂದಿಲ್ಲ. ಸವದತ್ತಿಯಿಂದ ಬಂದು ಯಲ್ಲಮ್ಮನ ಪಡಲಗಿ ಬುಟ್ಟಿ ತುಂಬಿಸುವಾಗ ಅವ್ವನ ಪಕ್ಕದಲ್ಲಿ ನಿಲ್ಲಬಹುದು. ಕೆಲಸಕ್ಕೆ ಬಂದವರಿಗೆ ಬೇರೆ ಲೋಟದಲ್ಲಿ ಚಹಾ ಕೊಡುವ ರೂಢಿ ಮನೆಯಲ್ಲಿದ್ದರೆ ಅದು ಮಾತ್ರ ಹಾಗಲ್ಲ. ಅಲ್ಲಿ ಜಗಳ ಆದರೂ ಸರಿ, ಲೋಟ ಬದಲಿಸಿ.

ಹೋಗುವ ಜಾಗಕ್ಕೆ ಒಮ್ಮೆ ಅವ್ವನನ್ನೂ ಕರೆದುಕೊಂಡು ಹೋಗಿ. ಮಗನನ್ನು ಯಾರೋ ಮರುಳು ಮಾಡಿದ್ದಾರೆ ಎಂದು ಅಂಜಿದ್ದ ತಾಯಂದಿರು ಅಲ್ಲಿನ ಹೆಂಗಸರ ಜೊತೆ ಚಪಾತಿ ಲಟ್ಟಿಸಿ, ಅವರ ಮನೆತನ ವಿಚಾರಿಸಿ, ನಿಶ್ಚಿಂತೆಯಿಂದ ಬಂದದ್ದುಂಟು.

ನಾವಿಬ್ಬರೂ ಬ್ಯಾರೆ ಬ್ಯಾರೆ ಧರ್ಮದವರು, ಲಗ್ನ ಆಗಬೇಕಂತೀವಿ. ಇಬ್ಬರನ್ನೂ ಕೂಡಿಸಿಕೊಳ್ಳೋರು ಅದಾರೇನ್ರಿ?

ಕಾನೂನು ಮೊದಲು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಯಾರೂ ಧರ್ಮ ಬದಲಿಸಬೇಕಿಲ್ಲ. ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು, ಅದು 30 ದಿನ ಕಚೇರಿಯ ಫಲಕದ ಮೇಲಿರುತ್ತದೆ. ಆ ಫಲಕ ಯಾರ ಕಣ್ಣಿಗೆ ಬೀಳುತ್ತದೆ ಎಂಬುದೇ ನಮ್ಮ ಸಣ್ಣ ಊರುಗಳಲ್ಲಿ ದೊಡ್ಡ ಚಿಂತೆ, ವಕೀಲರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಧರ್ಮದ ಜಾಗಕ್ಕೆ ಬಂದರೆ, ಜಾತಿ ಮೀರಿದ ಲಗ್ನಕ್ಕೆ ನಿಂತವರ ಪರಂಪರೆ ಇಲ್ಲಿ ಇದೆ. ಹರಳಯ್ಯ, ಮಧುವರಸರ ಮಕ್ಕಳ ಲಗ್ನಕ್ಕೆ ಕಲ್ಯಾಣದಲ್ಲಿ ರಕ್ತ ಹರಿದ ಕಥೆ ಎಲ್ಲರಿಗೂ ಗೊತ್ತು. ಹೋದ ಶತಮಾನದಲ್ಲಿ ಇಂಚಗೇರಿಯ ಮಾಧವಾನಂದ ಪ್ರಭುಗಳು ಮುಂದೆ ನಿಂತು ಅಂತರ್ಜಾತಿ ಲಗ್ನಗಳನ್ನು ಮಾಡಿಸಿದರು. ಧರ್ಮ ಮೀರಿದ ಲಗ್ನಕ್ಕೆ ಬಹಿರಂಗವಾಗಿ ನಿಲ್ಲುವವರು ಈಗ ಕಡಿಮೆ. ಖಾಸಗಿಯಾಗಿ ಹರಸಿ, ಫೋಟೋ ಬೇಡ ಎನ್ನುವವರೇ ಹೆಚ್ಚು. ಅದನ್ನು ಹೇಡಿತನ ಎನ್ನುವಿರೋ, ಸಿಕ್ಕಷ್ಟು ಸಾಕು ಎನ್ನುವಿರೋ, ನಿಮಗೆ ಬಿಟ್ಟದ್ದು. ಮಕ್ಕಳಾದ ಮೇಲೆ ಆ ಮಗುವಿಗೆ ಏನು ಹೇಳಿಕೊಡುವಿರಿ ಎಂಬುದನ್ನು ಲಗ್ನಕ್ಕೆ ಮೊದಲೇ ಮಾತಾಡಿ. ಪ್ರೀತಿ ಇದ್ದವರೂ ಎಡವುವುದು ಅಲ್ಲೇ.

ಬಾಬಾಸಾಹೇಬರ ಧಮ್ಮಕ್ಕ ಹೋಗಬೇಕಂತೀನಿ. ಮನೀ ದೇವರನ್ನೂ ಇಟ್ಕೊಂಡು ನಡೀತೈತೇನ್ರಿ?

ನಡೆಯುವುದಿಲ್ಲ. ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆಯ ಜೊತೆ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಹಿಂದೂ ದೇವರುಗಳನ್ನು ಪೂಜಿಸುವುದಿಲ್ಲ ಎಂಬುದು ಸ್ಪಷ್ಟವಾಗಿದೆ. ಉದಾರ ಎಂದರೆ ಗೆರೆಯೇ ಇಲ್ಲ ಎಂದಲ್ಲ; ಅವಮಾನದಿಂದ ಹೊರಗೆ ಬಂದವರಿಗೆ ಆ ಗೆರೆ ಬೇಕಾಗುತ್ತದೆ. 1925ರಲ್ಲಿ ನಿಪ್ಪಾಣಿಯ ಸಮ್ಮೇಳನಕ್ಕೆ ಅವರು ಬಂದು ಹೋದದ್ದರಿಂದ ಆ ಭಾಗದಲ್ಲಿ ಈ ನೆನಪು ಇನ್ನೂ ಬಿಸಿಯಾಗಿದೆ. ಪ್ರತಿಜ್ಞೆ ತೆಗೆದುಕೊಳ್ಳದೆ ವಿಹಾರಕ್ಕೆ ಹೋಗಿ ವಂದನೆಯಲ್ಲಿ ಕೂಡಲು ಅಡ್ಡಿಯಿಲ್ಲ. ಮೀಸಲಾತಿಯ ಬಗ್ಗೆಯೂ ಕೇಳುತ್ತಾರೆ: 1990ರ ತಿದ್ದುಪಡಿಯ ನಂತರ ಬೌದ್ಧರಾದ ಪರಿಶಿಷ್ಟ ಜಾತಿಯವರಿಗೆ ಆ ಸ್ಥಾನ ಉಳಿಯುತ್ತದೆ, ಕ್ರೈಸ್ತ ಅಥವಾ ಇಸ್ಲಾಂ ಧರ್ಮಕ್ಕೆ ಹೋದರೆ ಉಳಿಯುವುದಿಲ್ಲ.

ನಾ ಗಂಡಸು, ಪ್ರೀತಿ ಮಾಡೋದೂ ಗಂಡಸನ್ನ. ಯಾವ ದೇವರ ಮುಂದ ಕೂಡ್ಲಿ?

ಈ ಪತ್ರ ಹೆಸರಿಲ್ಲದೆ ಬಂತು, ಇದೇ ಪ್ರಶ್ನೆ ಬೇರೆ ಕೈಬರಹದಲ್ಲೂ ಬಂದಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಇದು ಅಪರಾಧವಲ್ಲ ಎಂದಿತು. ಗುಡಿ, ಮಠ, ಚರ್ಚು, ಮಸೀದಿಗಳು ಆ ತೀರ್ಪಿನ ಜೊತೆಗೆ ಬದಲಾಗಲಿಲ್ಲ. ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಸೀರೆ ಉಟ್ಟು ಹೆಣ್ಣಾಗಿ ಬದುಕುವ ಜೋಗಪ್ಪಗಳನ್ನು ತೋರಿಸಿ ‘ನಮ್ಮಲ್ಲಿ ಮೊದಲಿಂದ ಒಪ್ಪಿಗೆ ಇದೆ’ ಎನ್ನುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕೊಡ ಹೊತ್ತು ಬಂದಾಗ ಕಾಲಿಗೆ ಬೀಳುವ ಮನೆಗಳು ಬಾಡಿಗೆಗೆ ಕೋಣೆ ಕೊಡುವುದಿಲ್ಲ.

ನಿಮಗೆ ಹೇಳಬಹುದಾದದ್ದು: ಎಲ್ಲರಿಗೂ ಹೇಳಬೇಕಿಲ್ಲ, ಒಬ್ಬರಿಗೆ ಹೇಳಿ ನೋಡಿ. ಧ್ಯಾನ ಮುಖ್ಯವಾದ ಕಡೆ ಖಾಸಗಿ ಬದುಕಿನ ವಿಚಾರಣೆ ಕಡಿಮೆ, ಅಲ್ಲಿ ಉಸಿರಾಡಲು ಜಾಗ ಸಿಗುತ್ತದೆ. ‘ವಾಸಿ ಮಾಡುತ್ತೇವೆ’ ಎಂದವರ ಕಡೆ ಹೊರಳಿ ನೋಡಬೇಡಿ.

ಯುನಿಟೇರಿಯನ್ ಅಂತ ಓದೀನ್ರಿ, ಅವರು ಇಂಥವರನ್ನೂ ಒಪ್ತಾರಂತ. ಭಾರತದಾಗ ಅದಾರೇನು?

ಇದ್ದಾರೆ, ನಮ್ಮಿಂದ ದೂರದಲ್ಲಿ. ಚೆನ್ನೈಯ ಯುನಿಟೇರಿಯನ್ ಸಭೆ ಶುರುವಾದದ್ದು 1795ರಲ್ಲಿ. ಮೇಘಾಲಯದ ಜೋವಾಯಿಯಲ್ಲಿ ಹಾಜೋಮ್ ಕಿಸ್ಸೋರ್ ಸಿಂಗ್ 1887ರಲ್ಲಿ ಶುರು ಮಾಡಿದ್ದು ಇಂದು ಖಾಸಿ, ಜೈಂತಿಯಾ ಬೆಟ್ಟಗಳ ಹಳ್ಳಿಗಳಲ್ಲಿ ಹರಡಿದೆ. ಅವರದು ಒಬ್ಬ ದೇವರ ಮೇಲಿನ ದೃಢ ನಂಬಿಕೆ. ಅಮೆರಿಕದವರು ಬೇರೆ, ಅಲ್ಲಿ ಯುನಿಟೇರಿಯನ್, ಯೂನಿವರ್ಸಲಿಸ್ಟ್ ಎಂಬ ಎರಡು ಪಂಥ 1961ರಲ್ಲಿ ಒಂದಾದವು, ಈಗ ದೇವರನ್ನು ನಂಬದವರೂ ಸದಸ್ಯರಾಗಬಹುದು. ಸಲಿಂಗಿಗಳ ಮೇಲಿನ ಭೇದಭಾವದ ವಿರುದ್ಧ ಅವರು ಠರಾವು ಮಾಡಿದ್ದು 1970ರಷ್ಟು ಹಿಂದೆ. ದೂರದ ಊರಿನವರಿಗಾಗಿ ಅವರ ಆರಾಧನೆ ಆನ್‌ಲೈನಿನಲ್ಲಿ ನಡೆಯುತ್ತದೆ, ಇಂಗ್ಲಿಷಿನಲ್ಲಿ. ಕೇಳಿ, ಒಳ್ಳೆಯದೇ. ಆದರೆ ಜ್ವರ ಬಂದಾಗ ಗಂಜಿ ತರುವವರು ಪರದೆಯಿಂದ ಬರಲಾರರು.

ಹಂಗಾದ್ರ ನಾವ ನಾಕು ಮಂದಿ ಕೂಡಿ ಒಂದು ಕೂಟ ಕಟ್ಟಬಹುದೇನ್ರಿ?

ಕಟ್ಟಿ. ಮಠಗಳ ಶಿವಾನುಭವ ಗೋಷ್ಠಿಯ ಅಚ್ಚು ಕಣ್ಣ ಮುಂದೆ ಇದೆ, ಅದರಿಂದ ಹಾರ ತುರಾಯಿ, ಸನ್ಮಾನ, ಸ್ವಾಗತ ಭಾಷಣ ತೆಗೆದರೆ ಸಾಕು. ಐದಾರು ಜನ, ಒಂದು ಮನೆಯ ಪಡಸಾಲೆ, ಚಾಪೆ. ಕುರ್ಚಿ ಹಾಕಿದರೆ ಒಬ್ಬರು ಅಧ್ಯಕ್ಷರಾಗಿಬಿಡುತ್ತಾರೆ. ಐದು ನಿಮಿಷ ಮೌನ, ಒಂದು ವಚನವೋ ಕುರ್‌ಆನಿನ ಒಂದು ಭಾಗವೋ ಬೈಬಲಿನ ಒಂದು ಕಥೆಯೋ ಓದು, ಆಮೇಲೆ ಮಾತು. ಎಲ್ಲರಿಗೂ ಒಂದು ಸರದಿ ಬರುವವರೆಗೆ ಯಾರೂ ಎರಡನೆಯ ಸಲ ಮಾತಾಡಬಾರದು. ನಮ್ಮ ಕಡೆಯ ಗಂಡಸರಿಗೆ ಇದು ಕಷ್ಟದ ನಿಯಮ, ಆದರೂ ಬಿಡಬೇಡಿ. ದುಡ್ಡು ಕೂಡಿಸಬೇಡಿ, ಚಹಾದ ಖರ್ಚು ಮನೆಯವರದು, ಮನೆ ಪ್ರತಿ ಸಲ ಬದಲಾಗಲಿ. ಹಾಗಾದರೆ ಯಾರು ಯಾರ ಮನೆಯಲ್ಲಿ ಚಹಾ ಕುಡಿಯುತ್ತಾರೆ ಎಂಬುದೂ ತಾನಾಗಿ ಗೊತ್ತಾಗುತ್ತದೆ.

ವೇಳೆ ಗೊತ್ತು ಮಾಡುವಾಗ ಶುಕ್ರವಾರ ಮಧ್ಯಾಹ್ನ ಬೇಡ, ನಮಾಜಿಗೆ ಹೋಗುವವರು ಬರಲಾರರು. ಭಾನುವಾರ ಬೆಳಿಗ್ಗೆ ಚರ್ಚಿನವರಿಗೆ ಆಗದು, ಅಮಾವಾಸ್ಯೆಯಂದು ಅರ್ಧ ಊರು ಯಾವುದೋ ಗುಡಿಯ ದಾರಿಯಲ್ಲಿರುತ್ತದೆ. ಶನಿವಾರ ಸಂಜೆ ಏಳು ಗಂಟೆ ನೋಡಿ. ಹನುಮಪ್ಪನ ಗುಡಿಗೆ ಹೋದವರೂ ಅಷ್ಟೊತ್ತಿಗೆ ಕಾಯಿ ಒಡೆಸಿಕೊಂಡು ತಿರುಗಿ ಬಂದಿರುತ್ತಾರೆ.